ಕಂಟ್ರಿ ಸಂಗೀತವನ್ನು ಹೊಸಬರಿಗೆ ಕೇಳಿಸುವ ಕ್ರಮ: ನನ್ನ ಅನುಭವ

ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನಿಂದ ಬೆಳೆದ ಸಂಗೀತ. "ಕಂಟ್ರಿ ಕೇಳಬೇಕು, ಎಲ್ಲಿಂದ ಶುರು ಮಾಡಲಿ?" ಎಂದವರಿಗೆ ಐವತ್ತು ಹಾಡಿನ ಪಟ್ಟಿ ಕೊಟ್ಟರೆ ಏಳೆಂಟಕ್ಕೇ ಕೈಬಿಡುತ್ತಾರೆ. ಎಲ್ಲ ಒಂದೇ ಥರ ಕೇಳುತ್ತದೆ ಎನ್ನುತ್ತಾರೆ. ತಪ್ಪು ಅವರ ಕಿವಿಯದಲ್ಲ, ಏನನ್ನು ಹಿಡಿದು ಕೇಳಬೇಕೆಂದು ಹೇಳದೆ ಪಟ್ಟಿ ಕೊಟ್ಟವರದು. ಹಾಗಾಗಿ ನಾನು ಜೋಡಿ ಕೊಡುತ್ತೇನೆ. ಹಳೆಯದೊಂದು, ಹೊಸದೊಂದು, ಎರಡನ್ನೂ ಕಟ್ಟುವ ಒಂದೇ ಒಂದು ಅಂಶ. ವಾರಕ್ಕೊಂದು ಜೋಡಿ, ಐದು ವಾರ. ದಿನಕ್ಕೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ಜೋಡಿ ಕಟ್ಟುವ ಮೊದಲು ರೆಕಾರ್ಡಿಂಗ್ ಆರಿಸಬೇಕು. ಕಂಟ್ರಿಯಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು ಎರಡೂ ಸರಿಯಿದ್ದು ರೆಕಾರ್ಡಿಂಗ್ ಮಾತ್ರ ಬೇರೆಯಾಗಿರುವುದು ತೀರಾ ಸಾಮಾನ್ಯ. ಐವತ್ತು-ಅರವತ್ತರ ದಶಕದ ಎಷ್ಟೋ ಗಾಯಕರು ವಯಸ್ಸಾದ ಮೇಲೆ ತಮ್ಮದೇ ಹಾಡುಗಳನ್ನು ಅಗ್ಗದ ಸಂಕಲನಗಳಿಗಾಗಿ ಮತ್ತೆ ಹಾಡಿಕೊಟ್ಟರು. ಈಗ ಆ್ಯಪ್‌ಗಳಲ್ಲಿ ಹುಡುಕಿದರೆ ಎಷ್ಟೋ ಸಲ ಅವೇ ಮೊದಲು ಸಿಗುತ್ತವೆ. ಗುರುತು ಹಿಡಿಯುವುದು ಕಷ್ಟವಲ್ಲ. 1950ರ ಹಾಡೆಂದಿದ್ದು ಡ್ರಮ್ಮು ಎಡಕ್ಕೂ ಬಲಕ್ಕೂ ಹರಡಿಕೊಂಡು ಕೇಳಿದರೆ ಅನುಮಾನ ಪಡಿ. ದನಿ ದಪ್ಪಗಾಗಿ, ಶ್ರುತಿ ಒಂದು ಮನೆ ಇಳಿದಿದ್ದರೆ ಅನುಮಾನ ಖಚಿತ. ಕೆಳಗೆ ಸಣ್ಣ ಅಕ್ಷರದಲ್ಲಿ 'Re-recorded' (ಮತ್ತೆ ಹಾಡಿ ಮುದ್ರಿಸಿದ್ದು) ಎಂದು ಬರೆದಿರುವುದೂ ಉಂಟು. ಅದನ್ನು ಓದದೆ ಯಾರಿಗೂ ಲಿಂಕ್ ಕಳಿಸಬೇಡಿ.

ಹ್ಯಾಂಕ್ ವಿಲಿಯಮ್ಸ್ ವಿಷಯದಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಅವರು 1953ರ ಜನವರಿ 1ರಂದು, 29ನೇ ವಯಸ್ಸಿಗೆ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಅವರ ದನಿಯ ಮೇಲೆ ಬೇರೆ ವಾದ್ಯಗಳನ್ನೂ ಪಿಟೀಲುಗಳ ಮೇಳವನ್ನೂ ಕೂಡಿಸಿದ ಆಲ್ಬಂಗಳು ಬಂದವು. ಅವುಗಳನ್ನು ಮೊದಲು ಕೇಳಿದವರಿಗೆ ಹ್ಯಾಂಕ್ ಯಾಕೆ ದೊಡ್ಡವರು ಎಂಬುದು ಎಂದಿಗೂ ತಿಳಿಯಲಾರದು. 1978ರ '40 ಗ್ರೇಟೆಸ್ಟ್ ಹಿಟ್ಸ್' ಸಂಕಲನದಲ್ಲಿರುವುದು ಏನನ್ನೂ ಕೂಡಿಸದ ಮೂಲ ಮೋನೋ (ಎಡ-ಬಲ ಬೇರೆ ಮಾಡದ) ಮುದ್ರಣ. ನಾನು ಹೇಳುವುದು ಅದೊಂದನ್ನೇ. ಪ್ಯಾಟ್ಸಿ ಕ್ಲೈನ್ ಆದರೆ ವರ್ಷ ನೋಡಿ. ಮೊದಲ ಕಂಪನಿಯ ಕರಾರಿನಲ್ಲಿ, 1960ಕ್ಕೆ ಮುಂಚೆ, ಅವರು ಕಂಪನಿಯೇ ಕೊಟ್ಟ ಹಾಡುಗಳನ್ನಷ್ಟೇ ಹಾಡಬೇಕಿತ್ತು. ಬಹಳಷ್ಟು ಸಪ್ಪೆ. ಅಗ್ಗದ ಸಂಕಲನಗಳಲ್ಲಿ ತುಂಬಿರುವುದು ಅವೇ. ಡೆಕ್ಕಾ ಕಂಪನಿಗೆ ಬಂದ ಮೇಲಿನ 1961ರಿಂದ 1963ರ ರೆಕಾರ್ಡಿಂಗ್‌ಗಳನ್ನೇ ಹುಡುಕಿ ಹಾಕಿ.

ಆ್ಯಪ್‌ನಲ್ಲಿ ಮೂರು ಬದಲಾವಣೆ ಬೇಕು. ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ 0ಕ್ಕೆ ಇಳಿಸಿ. ಆಲ್ಬಂ ಮುಗಿದ ಮೇಲೆ ತಾನಾಗಿ ಇನ್ನೇನೋ ಹಾಕುವ ಆಟೋಪ್ಲೇ ನಿಲ್ಲಿಸಿ, ಇಲ್ಲದಿದ್ದರೆ 1949ರ ಒಂಟಿ ದನಿಯ ಬೆನ್ನಿಗೇ ಟ್ರಕ್ಕು-ಬಿಯರಿನ ಅಬ್ಬರದ ಹಾಡೊಂದು ನುಗ್ಗಿ, ಕೇಳಿದ್ದೆಲ್ಲ ಕೊಚ್ಚಿಹೋಗುತ್ತದೆ. ಬಾಸ್ ಬೂಸ್ಟ್ ತೆಗೆಯಿರಿ. ಸ್ಟೀಲ್ ಗಿಟಾರ್ (ಅಡ್ಡಲಾಗಿಟ್ಟು, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ಗಿಟಾರ್) ಇರುವುದು ನಡು ಮತ್ತು ಮೇಲಿನ ಸ್ಥಾಯಿಯಲ್ಲಿ, ಬಾಸ್ ಉಬ್ಬಿದರೆ ಮೊದಲು ಮುಚ್ಚಿಹೋಗುವುದು ಅದೇ. 1927ರ ಕಾರ್ಟರ್ ಫ್ಯಾಮಿಲಿ ತಂಡದಂಥ 78 ಆರ್‌ಪಿಎಂ ತಟ್ಟೆಗಳ ಕಾಲದ್ದನ್ನು ಇಯರ್‌ಫೋನಿನಲ್ಲಿ ಕೇಳಬೇಡಿ. ಸೂಜಿಯ ಕರಕರ ನೇರ ತಲೆಗೆ ಹೊಕ್ಕು ಹತ್ತು ನಿಮಿಷಕ್ಕೇ ದಣಿವಾಗುತ್ತದೆ. ಒಂದು ಸಣ್ಣ ಸ್ಪೀಕರನ್ನು ಆರಡಿ ದೂರದಲ್ಲಿಟ್ಟು ಆರು ಹಾಡು ಕೇಳಿ, ಅಷ್ಟೇ. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷವೇ ಹಿಡಿಯುತ್ತಿದ್ದುದರಿಂದ ಆರು ಹಾಡೆಂದರೆ ಹದಿನೆಂಟು ನಿಮಿಷ.

ಮೊದಲ ವಾರ ಸ್ಟೀಲ್. ಹಳೆಯದಕ್ಕೆ ಹ್ಯಾಂಕ್ ವಿಲಿಯಮ್ಸ್ ಜೊತೆ ಡಾನ್ ಹೆಲ್ಮ್ಸ್ ನುಡಿಸಿದ್ದು. ಅದಕ್ಕೆ ಪೆಡಲ್ ಇಲ್ಲ, ಎಡಗೈಯ ಉಕ್ಕಿನ ಸರಳೊಂದೇ. ಮೇಲಿನ ಸ್ಥಾಯಿಯಲ್ಲಿ, ಹಾಡುವವರ ದನಿಗಿಂತ ಎತ್ತರದಲ್ಲಿ ಕೂಗುತ್ತದೆ. ಸ್ವರ ಮೊಳಗುತ್ತಿರುವಾಗಲೇ ಪೆಡಲ್ ತುಳಿದು ಅದನ್ನು ಎಳೆಯುವ ರೀತಿ ಎಲ್ಲರ ಕಿವಿಗೆ ಬಿದ್ದದ್ದು ವೆಬ್ ಪಿಯರ್ಸ್ ಅವರ 1954ರ ಹಿಟ್ ಒಂದರಿಂದ. ಅದರಲ್ಲಿ ನುಡಿಸಿದವರು ಬಡ್ ಐಸಾಕ್ಸ್. ಅಲ್ಲಿಂದ ಮುಂದೆ ಕಂಟ್ರಿಯ ತವರಾದ ನ್ಯಾಶ್‌ವಿಲ್‌ನ ಹೆಚ್ಚಿನ ಸ್ಟೀಲ್ ವಾದಕರು ಪೆಡಲ್ ಹಾಕಿಸಿಕೊಳ್ಳತೊಡಗಿದರು.

ಪೆಡಲ್ ಏನು ಮಾಡುತ್ತದೆ ಎಂಬುದನ್ನು ನಮ್ಮ ಸ್ವರಗಳಲ್ಲಿ ಹೇಳಿದರೆ ಒಂದೇ ನಿಮಿಷದಲ್ಲಿ ಹೊಳೆಯುತ್ತದೆ. ಹತ್ತು ತಂತಿಯ ಇ-ನೈನ್ ಶ್ರುತಿಯಲ್ಲಿ ನಾಲ್ಕು, ಐದು, ಆರನೇ ತಂತಿಗಳನ್ನು ಒಟ್ಟಿಗೆ ಮೀಟಿದರೆ ಸ, ಪ, ಅಂತರ ಗಾಂಧಾರ. ಈಗ ಎಡಗಾಲಿನಿಂದ ಮೊದಲ ಎರಡು ಪೆಡಲ್ ಒಟ್ಟಿಗೆ ತುಳಿಯಿರಿ. ಸ ಇದ್ದಲ್ಲೇ ನಿಲ್ಲುತ್ತದೆ. ಗಾಂಧಾರ ಅರ್ಧ ಸ್ವರ ಏರಿ ಶುದ್ಧ ಮಧ್ಯಮವಾಗುತ್ತದೆ. ಪಂಚಮ ಒಂದು ಪೂರ್ತಿ ಸ್ವರ ಏರಿ ಚತುಶ್ರುತಿ ಧೈವತವಾಗುತ್ತದೆ. ಒಂದು ತಂತಿ ಅಲುಗದೆ ನಿಂತಿರುವಾಗ ಪಕ್ಕದ ಎರಡು ಜಾರುತ್ತವೆ, ಅದೂ ಬೇರೆಬೇರೆ ದೂರ. ಹೊಟ್ಟೆ ಹಿಂಡುವ ಆ ದನಿಯ ಗುಟ್ಟು ಇಷ್ಟೇ. ಇದರ ಮೇಲೆ ಬಲಗಾಲಿನ ವಾಲ್ಯೂಮ್ ಪೆಡಲ್ ಇದೆ. ಮೀಟುವಾಗ ದನಿ ತಗ್ಗಿಸಿ, ಮೀಟಿದ ಮೇಲೆ ಏರಿಸಿದರೆ ಮೀಟಿನ ಪೆಟ್ಟು ಅಳಿಸಿಹೋಗಿ ಬರೀ ಅಳು ಉಳಿಯುತ್ತದೆ. ಎರಡು ಕೈ, ಎರಡು ಪಾದ, ಲಿವರ್ ತಳ್ಳಲು ಎರಡು ಮೊಣಕಾಲು. ಇಷ್ಟನ್ನೂ ಒಮ್ಮೆಲೇ ನಡೆಸುವ ವಾದ್ಯ ಇದು. ಕೇಳಲು ಬಕ್ ಓವೆನ್ಸ್ ಅವರ 1964ರ 'ಟುಗೆದರ್ ಅಗೇನ್' ಹಾಕಿ. ನಡುವಿನ ಟಾಮ್ ಬ್ರಮ್ಲಿ ನುಡಿಕೆಯನ್ನು ಮೂರು ಸಲ ಹಿಂದಕ್ಕೆ ಹಾಕಿ, ಯಾವ ತಂತಿ ನಿಂತಿದೆ, ಯಾವುದು ಜಾರುತ್ತಿದೆ ಎಂದಷ್ಟೇ ಗಮನಿಸಿ. ಹೊಸದಕ್ಕೆ ಮಾರ್ಗೋ ಪ್ರೈಸ್ ಅವರ 2016ರ 'ಮಿಡ್‌ವೆಸ್ಟ್ ಫಾರ್ಮರ್ಸ್ ಡಾಟರ್'.

ಸ್ಟೀಲ್ ಕಿವಿಗೆ ಒಗ್ಗದವರಿಗೆ ಅಡ್ಡದಾರಿಯೊಂದಿದೆ. ಗಿಟಾರಿನ ಮೇಲೆ ಉಕ್ಕು ಜಾರಿಸುವ ಕ್ರಮ ಹುಟ್ಟಿದ್ದು ಹವಾಯಿಯಲ್ಲಿ, 19ನೇ ಶತಮಾನದ ಕೊನೆಗೆ. ಅಲ್ಲಿಂದ ಅದು ಅಮೆರಿಕಕ್ಕೂ ಹೋಯಿತು, ನಮ್ಮ ದೇಶಕ್ಕೂ ಬಂತು. ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಆ ಬಳ್ಳಿಯದೇ. ಭಟ್ಟರೂ ರೈ ಕೂಡರ್ ಅವರೂ ಕೂಡಿ ನುಡಿಸಿದ 1993ರ ಆಲ್ಬಂ ಮೊದಲು ಕೇಳಿ, ಆಮೇಲೆ ಹೆಲ್ಮ್ಸ್ ಕಡೆ ಬಂದರೆ, ಮೀಂಡಿಗೆ ಪಳಗಿದ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ.

ಎರಡನೇ ವಾರ ಎರಡು ದನಿ. ಇದು ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ್ದು. ಒಂದೇ ಎಳೆಯ ರಾಗ ಕೇಳಿ ಬೆಳೆದ ಕಿವಿ, ಎರಡು ದನಿ ಬಂದಾಗ ಎತ್ತರದ್ದನ್ನೇ ಹಾಡೆಂದು ಹಿಡಿಯುತ್ತದೆ. ಲೂವಿನ್ ಸೋದರರಲ್ಲಿ ಹಾಡಿನ ಮಟ್ಟು ಹೆಚ್ಚಾಗಿ ಇರುವುದು ಕೆಳಗಿನ, ಚಾರ್ಲಿಯ ದನಿಯಲ್ಲಿ. ಐರಾ ಅದರ ಮೇಲೆ ಸಾಗುತ್ತಾರೆ. ಕೆಲವೆಡೆ ಒಬ್ಬರನ್ನೊಬ್ಬರು ದಾಟಿ ಜಾಗ ಬದಲಿಸಿಕೊಳ್ಳುತ್ತಾರೆ, ಅಲ್ಲೇ ಎಲ್ಲರೂ ದಾರಿ ತಪ್ಪುವುದು. 1956ರ 'ಟ್ರ್ಯಾಜಿಕ್ ಸಾಂಗ್ಸ್ ಆಫ್ ಲೈಫ್'ನಿಂದ ಒಂದೇ ಹಾಡು ತೆಗೆದುಕೊಳ್ಳಿ. ಮೊದಲ ಸಲ ಕೆಳದನಿಯನ್ನು ಗುನುಗಿ, ಕೊನೆಯವರೆಗೂ ಬಿಡದೆ. ಎರಡನೇ ಸಲ ಮೇಲಿನದನ್ನು. ಮೂರನೇ ಸಲ ಸುಮ್ಮನೆ ಕೂತು ಕೇಳಿ. ದಿನಕ್ಕೊಂದು ಹಾಡಿನಂತೆ ನಾಲ್ಕು ದಿನ ಮಾಡಿದರೆ ಎರಡು ದನಿ ಬೇರೆಬೇರೆಯಾಗಿ ಕೇಳಿಸತೊಡಗುತ್ತವೆ. ಆಮೇಲೆ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ 2001ರ 'ಟೈಮ್ (ದ ರೆವೆಲೇಟರ್)'. ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿ-ಯಲ್ಲಿ ಇಬ್ಬರೇ ಕೂತು ಹೆಚ್ಚುಕಡಿಮೆ ಪೂರ್ತಿ ಮಾಡಿದ ಆಲ್ಬಂ. ರಾಲಿಂಗ್ಸ್ ಕೈಯಲ್ಲಿರುವುದು 1935ರ ಸಣ್ಣ ಎಪಿಫೋನ್ ಗಿಟಾರ್. ಹೊಂದದ ಸ್ವರವನ್ನು ಬೇಕೆಂದೇ ಹಿಡಿದು, ಕೊನೇ ಗಳಿಗೆಯಲ್ಲಿ ಬಿಡುಗಡೆ ಮಾಡುವುದು ಅವರ ಅಭ್ಯಾಸ. ಕೊನೆಯ ಹಾಡು ಹದಿನಾಲ್ಕು ನಿಮಿಷ ದಾಟುತ್ತದೆ, ಅದನ್ನು ಆ ವಾರ ಬಿಟ್ಟುಬಿಡಿ. ನನ್ನ ಲೆಕ್ಕದಲ್ಲಿ ಈ ಶತಮಾನದಲ್ಲಿ ಇದಕ್ಕಿಂತ ಒಳ್ಳೆಯ ಅಮೆರಿಕಾನಾ ಆಲ್ಬಂ ಬಂದಿಲ್ಲ.

ಅಮೆರಿಕಾನಾ ಎಂದರೇನು ಎಂದು ಕೇಳುವವರಿಗೆ ಎರಡೇ ಮಾತು. ರೇಡಿಯೊದ ಕಂಟ್ರಿ ಕೇಂದ್ರಗಳು ಹಾಕದ, ಆದರೆ ಅದೇ ಬೇರಿನಿಂದ ಬಂದ ಸಂಗೀತಕ್ಕೆ 1995ರಲ್ಲಿ ಗ್ಯಾವಿನ್ ಪತ್ರಿಕೆ ಒಂದು ಬೇರೆ ಪಟ್ಟಿ ಶುರುಮಾಡಿತು, 1999ರಲ್ಲಿ ಸಂಘವಾಯಿತು. ಗಡಿ ಹುಡುಕುತ್ತ ಕೂರುವುದರಿಂದ ಕೇಳುವ ಹೊತ್ತು ಹಾಳು.

ಮೂರನೇ ವಾರ ಕಥೆ. ಲೊರೆಟ್ಟಾ ಲಿನ್ ಅವರ 1970ರ 'ಕೋಲ್ ಮೈನರ್ಸ್ ಡಾಟರ್', ಟೈಲರ್ ಚಿಲ್ಡರ್ಸ್ ಅವರ 2017ರ 'ಪರ್ಗಟರಿ'. ಇಬ್ಬರೂ ಪೂರ್ವ ಕೆಂಟಕಿಯ ಅಕ್ಕಪಕ್ಕದ ಕೌಂಟಿಗಳವರು, ಎರಡು ಆಲ್ಬಂಗಳ ನಡುವೆ ಸುಮಾರು ಅರ್ಧ ಶತಮಾನ. ಅದೇ ಗುಡ್ಡ, ಅದೇ ಕಲ್ಲಿದ್ದಲು. ಅವರಲ್ಲಿ ಗಣಿಯ ಸಂಬಳದ ಮೇಲೆ ಬದುಕು ನಿಂತಿದೆ, ಇವರಲ್ಲಿ ಆ ಬದುಕು ಹೋದ ಮೇಲಿನ ಅಮಲು. ಇಲ್ಲಿ ಉಚ್ಚಾರ ಅಡ್ಡ ಬರುತ್ತದೆ. ಸಾಹಿತ್ಯವನ್ನು ಕೇಳುವ ಮೊದಲೇ ಒಮ್ಮೆ ಓದಿಬಿಡಿ. ಕೇಳುತ್ತ ಓದಿದರೆ ಕಣ್ಣು ಮುಂದೆ ಓಡಿ ಹಾಡಿನ ತಡೆ, ಬಿರುಕು, ಉಸಿರು ಯಾವುದೂ ಸಿಗುವುದಿಲ್ಲ. 'ಹಾಲರ್' ಎಂದರೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆ, ಅದರಲ್ಲಿನ ನಾಲ್ಕಾರು ಮನೆ. 'ಹಾಂಕಿ-ಟಾಂಕ್' ಎಂದರೆ ಹಾಡು-ಕುಣಿತ ಇರುವ ಹೆಂಡದಂಗಡಿ, ಅಲ್ಲಿನ ಗಲಾಟೆಯನ್ನು ಮೀರಿ ಕೇಳಿಸಲು ಕಂಟ್ರಿಯ ಗಿಟಾರಿಗೆ ವಿದ್ಯುತ್ ಬಂತು. ಈ ಎರಡು ಪದ ಗೊತ್ತಿದ್ದರೆ ಅರ್ಧ ದಾರಿ ಕ್ರಮಿಸಿದಂತೆ.

ನಾಲ್ಕನೇ ವಾರ ಬಾಂಜೊ, ದುಂಡು ಚರ್ಮದ ಮೇಲೆ ತಂತಿ ಬಿಗಿದ ವಾದ್ಯ. ಅರ್ಲ್ ಸ್ಕ್ರಗ್ಸ್ 1945ರ ಕೊನೆಗೆ ಬಿಲ್ ಮನ್ರೋ ತಂಡ ಸೇರಿದ ಮೇಲೆಯೇ ಬ್ಲೂಗ್ರಾಸ್ ಎಂಬ ಕಂಟ್ರಿಯ ಕವಲಿಗೆ ಈಗ ನಮಗೆ ಗೊತ್ತಿರುವ ವೇಗ ಬಂದದ್ದು. ಹೆಬ್ಬೆರಳು, ತೋರು, ನಡು, ಮೂರು ಬೆರಳಿಗೂ ನಖಿ. ಎಂಟು ಪೆಟ್ಟನ್ನು ಮೂರು, ಮೂರು, ಎರಡಾಗಿ ಒಡೆಯುತ್ತಾರೆ: ತಕಿಟ ತಕಿಟ ತಕ. ಕೈಯಲ್ಲಿ ಹಾಗೆ ಹಾಕುತ್ತ 1949ರ 'ಫಾಗಿ ಮೌಂಟನ್ ಬ್ರೇಕ್‌ಡೌನ್' ಕೇಳಿದರೆ ಗೋಜಲು ಬಿಡಿಸಿಕೊಳ್ಳುತ್ತದೆ. ಐದನೇ ತಂತಿ ಗಿಡ್ಡ, ಕೊರಳಿನ ನಡುವಿನಿಂದ ಶುರು, ಶ್ರುತಿ ಮಾತ್ರ ಎಲ್ಲಕ್ಕಿಂತ ಎತ್ತರ. ಏಕತಾರಿಯ ಹಾಗೆ ಒಂದೇ ಸ್ವರ ಹಿಡಿದು ಮಿಡಿಯುತ್ತಿರುತ್ತದೆ. ಇದರ ಜೋಡಿಗೆ ಕ್ಯಾರೊಲಿನಾ ಚಾಕಲೇಟ್ ಡ್ರಾಪ್ಸ್ ತಂಡದ 2010ರ ಆಲ್ಬಂ. ರಿಯಾನನ್ ಗಿಡೆನ್ಸ್ ಬಾಂಜೊ ನುಡಿಸುವುದು ಹಳೆಯ ಬಗೆಯಲ್ಲಿ, ಉಗುರಿನಿಂದ ಕೆಳಮುಖವಾಗಿ ಹೊಡೆದು. ಈ ಜೋಡಿಯನ್ನು ನಾನು ಯಾವತ್ತೂ ಬಿಡುವುದಿಲ್ಲ. ಬಾಂಜೊ ಬಂದದ್ದು ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರ ಕೈಯಿಂದ. ಕಾರ್ಟರ್ ಫ್ಯಾಮಿಲಿಯ ಎ.ಪಿ. ಕಾರ್ಟರ್ ಊರೂರು ಸುತ್ತಿ ಹಾಡು ಸಂಗ್ರಹಿಸುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಪದ ಬರೆದುಕೊಂಡರೆ ರಿಡಲ್ ಮಟ್ಟು ನೆನಪಿಡುತ್ತಿದ್ದರು. ಕಂಟ್ರಿ ಬಿಳಿಯರ ಸಂಗೀತ ಎಂದು ಹೇಳಿಕೊಡುವುದು ಅರ್ಧ ಇತಿಹಾಸವನ್ನು ಒರೆಸಿಹಾಕಿದಂತೆ.

ಐದನೇ ವಾರ ಹಾಡು ಕಟ್ಟುವವರು. ಟೌನ್ಸ್ ವ್ಯಾನ್ ಝಾಂಟ್ ಅವರ ಮೊದಲ ಆಲ್ಬಮ್ಮಿನಲ್ಲಿ ವಾದ್ಯಗಳ ಹೊರೆ ಹೆಚ್ಚು. ಅವರಿಗೇ ಒಪ್ಪಿಗೆಯಾಗದೆ ಅದರ ಕೆಲವು ಹಾಡುಗಳನ್ನು 1969ರಲ್ಲಿ ಮತ್ತೆ ಹಾಡಿದರು. ಹಾಗಾಗಿ ಹ್ಯೂಸ್ಟನ್‌ನ 'ಓಲ್ಡ್ ಕ್ವಾರ್ಟರ್'ನಲ್ಲಿ 1973ರ ಜುಲೈಯಲ್ಲಿ ಹಾಡಿದ, 1977ರಲ್ಲಿ ಹೊರಬಂದ ಲೈವ್ ಆಲ್ಬಂ ಕೇಳಿಸಿ. ಒಂದು ಗಿಟಾರ್, ಒಂದು ದನಿ, ಸಣ್ಣ ಕೋಣೆ. ಜೊತೆಗೆ ಜೇಸನ್ ಇಸ್ಬೆಲ್ ಅವರ 2013ರ 'ಸೌತ್‌ಈಸ್ಟರ್ನ್'. ಅದರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿರುವ ಗೆಳತಿಯ ಹಾಡೊಂದಿದೆ. ಮನೆಯಲ್ಲಿ ಅಂಥ ನೋವು ಹಸಿಯಾಗಿದ್ದವರಿಗೆ ಮೊದಲೇ ಹೇಳಿ.

ಬಿಡಿಸಿ ಕೇಳಬಾರದ ಆಲ್ಬಂಗಳೂ ಇವೆ. ವಿಲ್ಲಿ ನೆಲ್ಸನ್ ಅವರ 1975ರ 'ರೆಡ್ ಹೆಡೆಡ್ ಸ್ಟ್ರೇಂಜರ್' ಮೊದಲಿಂದ ಕೊನೆವರೆಗೆ ಒಂದೇ ಕಥೆ, ಒಂದೇ ಪದ್ಯ ಮತ್ತೆ ಮತ್ತೆ ಮರಳುತ್ತದೆ. ಶಫಲ್ ಒತ್ತಿದರೆ ಕೊಲೆ ಮೊದಲು, ಹೆಂಡತಿ ಬಿಟ್ಟುಹೋಗುವುದು ಆಮೇಲೆ ಆಗಿಬಿಡಬಹುದು. ಜಾನಿ ಕ್ಯಾಶ್ ಅವರ ಫೋಲ್ಸಮ್ ಜೈಲಿನ ಆಲ್ಬಮ್ಮನ್ನು 1968ರ ಜನವರಿ 13ರಂದು ಎರಡು ಕಛೇರಿಗಳಲ್ಲಿ ಮುದ್ರಿಸಿದರು. ಕೇಳುವಾಗ ಒಂದು ತಿಳಿದಿರಲಿ. ಮೊದಲ ಹಾಡಿನಲ್ಲಿ ಕೊಲೆಯ ಸಾಲಿನ ಬೆನ್ನಿಗೆ ಬರುವ ಕೈದಿಗಳ ಕೇಕೆಯನ್ನು ಆಮೇಲೆ ಎಡಿಟಿಂಗ್‌ನಲ್ಲಿ ಅಂಟಿಸಿದ್ದು. ಕಾವಲಿನವರ ಕಣ್ಣೆದುರು ಕೈದಿಗಳು ಹಾಗೆ ಕೂಗಲಿಲ್ಲ. ಇದು ಗೊತ್ತಾದ ಮೇಲೆ ಉಳಿದ ಹಾಡುಗಳ ನಡುವಿನ ನಿಜವಾದ ಸದ್ದು ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ವಾರ ಮುಗಿದಾಗ "ಇಷ್ಟವಾಯಿತಾ?" ಎಂದು ಕೇಳುವುದಿಲ್ಲ, ಮುಲಾಜಿಗೆ ಹೂಂ ಅನ್ನುತ್ತಾರೆ. "ಯಾವುದನ್ನು ನೀವಾಗಿ ಎರಡನೇ ಸಲ ಹಾಕಿದಿರಿ?" ಎಂದು ಕೇಳುತ್ತೇನೆ. ಸ್ಟೀಲಿನದು ಅಂದರೆ ಮುಂದೆ ಕೊಡುವುದು ಬಕ್ ಓವೆನ್ಸ್ 1966ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ್ದು. ಎರಡು ದನಿ ಅಂದರೆ ಗ್ರ್ಯಾಮ್ ಪಾರ್ಸನ್ಸ್ ಮತ್ತು ಎಮ್ಮಿಲೂ ಹ್ಯಾರಿಸ್ ಅವರ 1974ರ 'ಗ್ರೀವಸ್ ಏಂಜಲ್'. ಕಥೆ ಅಂದರೆ ಗೈ ಕ್ಲಾರ್ಕ್ ಅವರ 1975ರ 'ಓಲ್ಡ್ ನಂ. 1'. ಯಾವುದನ್ನೂ ಹಾಕಲಿಲ್ಲ ಎಂದರೆ ರೇ ಚಾರ್ಲ್ಸ್ ಅವರ 1962ರ 'ಮಾಡರ್ನ್ ಸೌಂಡ್ಸ್ ಇನ್ ಕಂಟ್ರಿ ಆ್ಯಂಡ್ ವೆಸ್ಟರ್ನ್ ಮ್ಯೂಸಿಕ್' ಕೊಡುತ್ತೇನೆ. ಹೆಚ್ಚಿನವು ಕಂಟ್ರಿಯದೇ ಹಾಡುಗಳು, ಮೂಗಿನ ದನಿ ಇಲ್ಲ, ಹಿಂದೆ ಬಿಗ್ ಬ್ಯಾಂಡ್. ಅದರಲ್ಲಿ ಹ್ಯಾಂಕ್ ವಿಲಿಯಮ್ಸ್ ಬರೆದ ಎರಡು ಹಾಡುಗಳಿವೆ. ಅವು ಹಿಡಿಸಿದರೆ ಅವೇ ಎರಡನ್ನು ಅದೇ ಸಂಜೆ 1978ರ ಸಂಕಲನದಿಂದ, ಸಣ್ಣ ಸ್ಪೀಕರಿನಲ್ಲಿ ಹಾಕಿ.