ದೊಡ್ಡ ಕಾಮಗಾರಿ ಶುರುವಾಗುವ ಮೊದಲೇ ಕೇಳಬೇಕಾದ್ದು

ಊರಿನ ಹತ್ತಿರ ಹೆದ್ದಾರಿ, ಅಣೆಕಟ್ಟಿನಂಥ ದೊಡ್ಡ ಕೆಲಸ ಬರುತ್ತಿದ್ದರೆ, ಪರಿಹಾರದ ಜೊತೆ ಮಕ್ಕಳ ಸುರಕ್ಷತೆಯ ಮಾತನ್ನೂ ಮೊದಲ ಸಭೆಯಲ್ಲೇ ಎತ್ತಿ. ಉಗಾಂಡಾದ ಒಂದು ರಸ್ತೆ ಯೋಜನೆಯಲ್ಲಿ ಕೆಲಸಗಾರರು ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು ಹೊರಬಂದ ಮೇಲೆ, ವಿಶ್ವಬ್ಯಾಂಕ್ 2015ರಲ್ಲಿ ಆ ಯೋಜನೆಗೆ ಕೊಡುತ್ತಿದ್ದ ಸಾಲವನ್ನೇ ನಿಲ್ಲಿಸಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಕೆಲಸಗಾರರ ಶೆಡ್ಡು ಶಾಲೆಯಿಂದ ದೂರ ಇರಲಿ. ಎಂಜಿನಿಯರ್‌ನಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರೂ ನಡವಳಿಕೆ ನಿಯಮಕ್ಕೆ ಸಹಿ ಹಾಕಿರಬೇಕು. 18 ವರ್ಷದೊಳಗಿನವರ ಜೊತೆ ಲೈಂಗಿಕ ಸಂಬಂಧ ಬೇಡವೇ ಬೇಡ, 'ಅವಳೇ ಒಪ್ಪಿದ್ದಳು' ಅನ್ನೋ ನೆಪವೂ ನಡೆಯೋದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ.

ದೂರು ಪೆಟ್ಟಿಗೆ ಗುತ್ತಿಗೆದಾರರ ಆಫೀಸಿನಲ್ಲಿದ್ದರೆ ಯಾರು ತಾನೇ ಹೋಗ್ತಾರೆ, ಹೇಳಿ? ಊರವರು ನಂಬುವ ಹೆಣ್ಣುಮಗಳೊಬ್ಬರು ದೂರು ಕೇಳಲಿ. ಹೆಸರು ಗುಟ್ಟಾಗಿರಲಿ.

ಮಗು ಏನಾದರೂ ಹೇಳಿಕೊಂಡರೆ ನಂಬಿ, ಪದೇ ಪದೇ ಕೆದಕಬೇಡಿ. ಅತ್ಯಾಚಾರವಾಗಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ದುಡ್ಡು ಕೊಟ್ಟು ರಾಜಿ ಮಾಡಿಸೋಕೆ ಬಂದರೆ ಖಂಡಿತ ಒಪ್ಪಬೇಡಿ.

ಯೋಜನೆಗೆ ವಿಶ್ವಬ್ಯಾಂಕ್ ಸಾಲ ಇದ್ದರೆ, ತೊಂದರೆಗೊಳಗಾದ ಕನಿಷ್ಠ ಇಬ್ಬರು ಸೇರಿ ಅದರ ತಪಾಸಣಾ ಸಮಿತಿಗೆ (ಇನ್‌ಸ್ಪೆಕ್ಷನ್ ಪ್ಯಾನೆಲ್) ತಮ್ಮ ಭಾಷೆಯಲ್ಲೇ ದೂರು ಬರೆಯಬಹುದು.