ಕಥೆಯಲ್ಲಿ ಕೊಟ್ಟವರ್ಯಾರು, ತಗೊಂಡವರ್ಯಾರು

ಕೊಪ್ಪಳದಲ್ಲಿ ಹಳೆಯ ಸಣ್ಣಕಥೆಗಳನ್ನು ಗುಂಪಿನಲ್ಲಿ ಓದಿಸುವಾಗ ‘ಈ ಗಂಡಸು ಎಂಥವನು?’ ಎಂದು ನಾನು ಕೇಳುವುದಿಲ್ಲ. ಕೇಳಿದರೆ ‘ಆಗಿನ ಕಾಲ ಹಂಗಿತ್ತು ಬಿಡ್ರೀ’ ಅಂತ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಬದಲಿಗೆ ಕಿರಾಣಿ ಅಂಗಡಿಯ ಉದ್ರಿ ಖಾತೆಯ ಹಾಗೆ ಹಾಳೆಯ ನಡುವೆ ಗೆರೆ ಎಳೆಸುತ್ತೇನೆ: ಎಡಕ್ಕೆ ‘ಕೊಟ್ಟಿದ್ದು’, ಬಲಕ್ಕೆ ‘ತಗೊಂಡಿದ್ದು’. ‘ಕ್ರೂರಿ’, ‘ಸ್ವಾರ್ಥಿ’ ಎಂದು ಬರೆಯುವಂತಿಲ್ಲ. ಬರೆದರೆ ಹೊಡೆದುಹಾಕಿ, ಅವನು ಮಾಡಿದ್ದೇನು ಅನ್ನುವುದನ್ನು ಬರೆಯಬೇಕು.

ಶುರುವಿಗೆ ರಷ್ಯದ ಕಥೆಗಾರ ಚೆಕಾಫನ ‘ಅನ್ಯೂತ’ (1886) ಒಳ್ಳೆಯದು. ಗಟ್ಟಿಯಾಗಿ ಓದಿದರೆ ಕಾಲು ಗಂಟೆಯ ಆಸುಪಾಸು. ಮೊದಲ ಸಲ ಪೆನ್ಸಿಲ್ ಮುಟ್ಟದೆ ಕೇಳಬೇಕು, ಎರಡನೇ ಸಲ ಪಟ್ಟಿ. ವೈದ್ಯಕೀಯ ಓದುವ ಕ್ಲೋಚ್ಕೋವ್ ಪರೀಕ್ಷೆಯ ಪಾಠಕ್ಕಾಗಿ ಜೊತೆಗಿರುವ ಹುಡುಗಿಯ ಕುಪ್ಪಸ ಬಿಚ್ಚಿಸಿ, ಪಕ್ಕೆಲುಬು ಎಣಿಸಿ, ಮೈಮೇಲೆ ಇದ್ದಿಲಿನಿಂದ ಗೆರೆ ಹಾಕುತ್ತಾನೆ. ಚಳಿಗೆ ಅವಳ ತುಟಿ, ಮೂಗು, ಬೆರಳು ನೀಲಿಗಟ್ಟುತ್ತವೆ. ತಾನು ನಡುಗಿದ್ದು ಕಂಡರೆ ಅವನು ನಿಲ್ಲಿಸಿಬಿಟ್ಟಾನು, ಪರೀಕ್ಷೆ ಕೆಟ್ಟೀತು ಅನ್ನುವುದೇ ಅವಳ ಅಂಜಿಕೆ. ಅಷ್ಟರಲ್ಲಿ ಚಿತ್ರಕಾರನೊಬ್ಬ ಬಂದು ಹುಡುಗಿಯನ್ನು ಎರಡು ತಾಸಿಗೆ ಎರವಲು ಕೇಳುತ್ತಾನೆ. ಪಟ್ಟಿ ಸಿಕ್ಕಿಕೊಳ್ಳುವುದು ಇಲ್ಲೇ. ಕೊಟ್ಟವನು ಕ್ಲೋಚ್ಕೋವ್ ಎಂದು ಬರೆದರೆ ಹುಡುಗಿ ಅವನ ಸಾಮಾನು ಅಂತ ಓದುಗರೇ ಒಪ್ಪಿದಂತೆ. ಆ ತಕರಾರನ್ನು ನಾನು ಬಗೆಹರಿಸುವುದಿಲ್ಲ, ಹಾಗೇ ಬಿಡುತ್ತೇನೆ.

ಎಲ್ಲರೂ ದಾಟಿಹೋಗುವ ಸಾಲು ಕೊನೆಗಿದೆ. ‘ನಾವು ಬೇರೆಯಾಗೋಣ’ ಎಂದು ಕ್ಲೋಚ್ಕೋವ್ ಹೇಳಿದಾಗ ಅವಳು ಕೋಟು ಹಾಕಿಕೊಂಡು, ಕಾಗದದಲ್ಲಿ ಸುತ್ತಿಟ್ಟ ನಾಲ್ಕು ಸಕ್ಕರೆ ಉಂಡೆ ಹುಡುಕಿ, ಅದು ಅವನದೆಂದು ಮೇಜಿನ ಮೇಲಿಡುತ್ತಾಳೆ. ಈ ನಾಲ್ಕು ಉಂಡೆ ಪಟ್ಟಿಯಲ್ಲಿ ಇಲ್ಲದಿದ್ದರೆ ಇನ್ನೊಮ್ಮೆ ಓದಿಸಿ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಗಂಡು ಅತ್ತರೆ, ಮರುಗಿದರೆ ಅದನ್ನೂ ‘ಕೊಟ್ಟಿದ್ದು’ ಅಂತ ಬರೆಯುತ್ತಾರೆ. ಮದ್ದು ಅದೇ ಲೇಖಕನ ‘ಕೋರಸ್ ಹುಡುಗಿ’. ಅದರಲ್ಲಿ ಕೊಲ್ಪಾಕೋವ್ ತನ್ನ ಪ್ರೇಯಸಿ, ಕೋರಸ್ ಹಾಡುವ ಪಾಶಾಳ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಅಡಗಿ ಕೂತಿರುತ್ತಾನೆ, ಅವನ ಹೆಂಡತಿ ಪಾಶಾಳ ಒಡವೆಗಳನ್ನೆಲ್ಲ ಒಯ್ಯುತ್ತಾಳೆ. ಆಮೇಲೆ ಹೊರಬಂದು ಹೆಂಡತಿಗಾಗಿ ಅಳುವ ಈ ಮಹಾಶಯ ಪಾಶಾಳನ್ನೇ ಹೀನಳೆಂದು ದೂರ ತಳ್ಳುತ್ತಾನೆ. ಕಣ್ಣೀರಿಗೆ ಎಡಕ್ಕೆ ಜಾಗವಿಲ್ಲ ಅನ್ನುವುದು ಇದನ್ನು ಓದಿದವರಿಗೆ ಹೇಳಬೇಕಾಗುವುದಿಲ್ಲ. ಎರಡನೆಯದು ‘ಆಕಿ ಯಾಕ ಬಿಟ್ಟು ಹೋಗಲಿಲ್ಲ?’ ಆಗ ‘ಎಲ್ಲಿಗೆ?’ ಎಂದು ಕೇಳಿ, ಕಥೆಯಲ್ಲಿ ಆ ಊರು, ಮನೆ, ದುಡ್ಡು ಹುಡುಕಿಸುತ್ತೇನೆ.

ಗಂಡಸೇ ‘ನಾನು’ ಎಂದು ಹೇಳುವ ಕಥೆಯನ್ನು ಕೊನೆಗಿಡಿ. ಆನಂದರ ‘ನಾನು ಕೊಂದ ಹುಡುಗಿ’ಯಲ್ಲಿ ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿಗೆ, ಕಥೆ ಹೇಳುವ ಅತಿಥಿ ಕೊಡುವುದು ಉಪದೇಶ, ಅದೂ ತನ್ನ ಸಜ್ಜನಿಕೆಯ ಹೆಮ್ಮೆಯಲ್ಲಿ. ಬೆಳಗಾಗುವಷ್ಟರಲ್ಲಿ ಅವಳು ಇಲ್ಲ. ನಮ್ಮ ಕಡೆ ಈ ಕಥೆಗೆ ಎಚ್ಚರ ಬೇಕು. ಹೀಗೆ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು, ಆದರೆ ಅಂಥ ಮನೆಯವರೇ ಗುಂಪಿನಲ್ಲಿ ಕೂತಿರಬಹುದು. ‘ನಿಮ್ಮೂರಾಗ ಹಿಂಗೈತೇನು?’ ಎಂದು ಯಾರನ್ನೂ ಕೇಳಬಾರದು. ಈ ಕಥೆಗೆ ಹಾಳೆಯಲ್ಲಿ ಮೂರನೇ ಕಾಲಂ ಒಂದನ್ನು ಸೇರಿಸುತ್ತೇನೆ: ‘ಅವಳೇ ಆಡಿದ ಮಾತು’. ಅವನು ಅವಳ ಬಗ್ಗೆ ಹೇಳಿದ್ದನ್ನು ಅದರಲ್ಲಿ ಬರೆಯುವಂತಿಲ್ಲ.