ಏರ್‌ಸಾಫ್ಟ್ ಗನ್‌ಗೆ ಸ್ಪ್ರಿಂಗ್ ಆರಿಸುವುದು ಹೇಗೆ? ಪ್ಯಾಕೆಟ್ ಇಲ್ಲದಿದ್ದರೆ ಗುರುತಿಸುವುದು ಹೇಗೆ?

ಒಮ್ಮೆ ನನ್ನ ಟೂಲ್ ಡಬ್ಬಿಯಲ್ಲಿ ಪ್ಯಾಕೆಟ್ ಇಲ್ಲದ ಎರಡು ಸ್ಪ್ರಿಂಗ್ ಸಿಕ್ಕವು. ಒಂದು ಉದ್ದ, ಒಂದು ಗಿಡ್ಡ. ಉದ್ದ ಇರುವುದೇ ಗಟ್ಟಿ ಎಂದುಕೊಂಡು ಅದನ್ನೇ ಗನ್‌ಗೆ ಹಾಕಿದೆ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ತೋರಿಸಿದ್ದು ಸೆಕೆಂಡಿಗೆ 88 ಮೀಟರ್. ಗಿಡ್ಡದ್ದನ್ನು ಹಾಕಿದಾಗ 112 ಬಂತು. ಆಮೇಲೆ ಅಳೆದು ನೋಡಿದರೆ, ಗಿಡ್ಡ ಸ್ಪ್ರಿಂಗ್‌ನ ತಂತಿ ದಪ್ಪ ಇತ್ತು. ಅವತ್ತಿನಿಂದ ಅಳೆಯದೆ ಯಾವ ಸ್ಪ್ರಿಂಗನ್ನೂ ನಾನು ಹಾಕಿಲ್ಲ.

ಇಲ್ಲಿ ಹೇಳುವುದು ಹೆಚ್ಚಾಗಿ ಬ್ಯಾಟರಿ ಗನ್‌ಗಳ ಬಗ್ಗೆ. ಅದರಲ್ಲಿ ಮೋಟಾರ್ ಗೇರ್ ತಿರುಗಿಸುತ್ತದೆ, ಗೇರ್ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ. ಹಿಡಿತ ತಪ್ಪಿದ ಕೂಡಲೇ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ನೂಕುತ್ತದೆ, ಬಿಬಿ (ಸಣ್ಣ ಪ್ಲಾಸ್ಟಿಕ್ ಗುಂಡು) ಹಾರುತ್ತದೆ.

ಮೊದಲು ಮಿತಿ ತಿಳಿದುಕೊಳ್ಳಿ

ಸ್ಪ್ರಿಂಗ್ ನೋಡುವ ಮುಂಚೆ ನೀವು ಆಡುವ ಮೈದಾನದ ಮತ್ತು ಕಾನೂನಿನ ಮಿತಿ ಎಷ್ಟು ಎಂದು ಕೇಳಿ. ಜಪಾನ್‌ನಲ್ಲಿ ಅದು ಸುಮಾರು 0.98 ಜೂಲ್. ಬ್ರಿಟನ್‌ನಲ್ಲಿ ಆಟೋಮ್ಯಾಟಿಕ್ ಗನ್‌ಗೆ 1.3 ಜೂಲ್, ಒಂದೊಂದೇ ಗುಂಡು ಹೊಡೆಯುವುದಕ್ಕೆ 2.5 ಜೂಲ್. ಲೆಕ್ಕ ಕಷ್ಟವೇನಿಲ್ಲ. ಬಿಬಿಯ ತೂಕವನ್ನು ಕಿಲೋದಲ್ಲಿ ಬರೆದುಕೊಳ್ಳಿ, ವೇಗದಿಂದ ಎರಡು ಸಲ ಗುಣಿಸಿ, ಬಂದದ್ದನ್ನು ಅರ್ಧ ಮಾಡಿ. 0.20 ಗ್ರಾಂ ಬಿಬಿ ಸೆಕೆಂಡಿಗೆ 100 ಮೀಟರ್ ಹೋದರೆ ಸರಿಯಾಗಿ 1 ಜೂಲ್. ಅದೇ 120 ಮೀಟರ್ ಹೋದರೆ 1.44 ಜೂಲ್. ವೇಗ ಏರಿದ್ದು 20 ಪರ್ಸೆಂಟ್, ಪೆಟ್ಟು ಏರಿದ್ದು 44 ಪರ್ಸೆಂಟ್. ಎದುರಿಗಿರುವವರ ಮೈಗೆ ಬೀಳುವುದು ಈ ಪೆಟ್ಟು. ಹಾಗಾಗಿ ಮಿತಿಗಿಂತ ಸ್ವಲ್ಪ ಕೆಳಗೇ ಇರಿ.

ನಂಬರ್ ಓದುವುದು

ಎಂ90, ಎಂ100, ಎಂ120 ಎಂದು ಬರೆದಿರುತ್ತದಲ್ಲ, ಅದು 0.20 ಗ್ರಾಂ ಬಿಬಿಗೆ ಸೆಕೆಂಡಿಗೆ ಇಷ್ಟು ಮೀಟರ್ ವೇಗ ಬರಬಹುದು ಎನ್ನುವ ಅಂದಾಜು. ಅಡಿ ಲೆಕ್ಕ ಬೇಕಿದ್ದರೆ 3.28ರಿಂದ ಗುಣಿಸಿ. ಎಂ100 ಅಂದರೆ 328 ಅಡಿ. ಕೆಲವು ಕಂಪನಿಗಳು ಮೂಲ ಸ್ಪ್ರಿಂಗ್‌ಗೆ ಹೋಲಿಸಿ ಪರ್ಸೆಂಟ್‌ನಲ್ಲಿ ಬರೆಯುತ್ತವೆ. ಅದನ್ನು ಎಂ ನಂಬರ್ ಎಂದು ಓದಿಕೊಂಡರೆ ಎಡವಟ್ಟು. ಒಂದು ಕಂಪನಿಯ ಎಂ110ಕ್ಕೂ ಇನ್ನೊಂದರ ಎಂ110ಕ್ಕೂ ವ್ಯತ್ಯಾಸ ಇರುತ್ತದೆ. ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ, ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ.

ಗುರುತು ಇಲ್ಲದ ಸ್ಪ್ರಿಂಗ್

ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ತಂತಿಯ ದಪ್ಪ, ಸ್ಪ್ರಿಂಗ್‌ನ ಹೊರ ಅಗಲ, ಸುತ್ತುಗಳ ಲೆಕ್ಕ, ಒತ್ತದೆ ಇದ್ದಾಗಿನ ಉದ್ದ, ನಾಲ್ಕನ್ನೂ ಬರೆದುಕೊಳ್ಳಿ. ಇವುಗಳಲ್ಲಿ ತಂತಿಯ ದಪ್ಪವೇ ರಾಜ. ಗಟ್ಟಿತನ ಏರುವುದು ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ, ಅಂದರೆ ದಪ್ಪ × ದಪ್ಪ × ದಪ್ಪ × ದಪ್ಪ. 1.4 ಮಿಲಿಮೀಟರ್ ತಂತಿ 1.5 ಆದರೆ, ಉಳಿದದ್ದೆಲ್ಲ ಒಂದೇ ಇದ್ದರೂ, ಸ್ಪ್ರಿಂಗ್ ಸುಮಾರು 32 ಪರ್ಸೆಂಟ್ ಗಟ್ಟಿಯಾಗುತ್ತದೆ. ಬರೀ 0.1 ಮಿಲಿಮೀಟರ್! ಕಣ್ಣಿಗೆ ಎಲ್ಲಿ ಗೊತ್ತಾಗುತ್ತೆ, ಅಲ್ವಾ? ಸುತ್ತು ಜಾಸ್ತಿಯಾದರೆ, ಅಗಲ ಜಾಸ್ತಿಯಾದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ. ಉದ್ದ ಜಾಸ್ತಿ ಇದ್ದರೆ, ಗನ್ ಒಳಗೆ ಕೂರಿಸುವಾಗಲೇ ಜಾಸ್ತಿ ಒತ್ತಿಕೊಂಡಿರುತ್ತದೆ. ಅದಕ್ಕೇ ಒಂದೇ ಅಳತೆ ಹಿಡಿದು ಹೇಳಲು ಆಗುವುದಿಲ್ಲ.

ನಾನು ಮಾಡುವ ಪರೀಕ್ಷೆ ಇದು. ದೇಹದ ತೂಕ ನೋಡುವ ಮಷಿನ್ ಮೇಲೆ ಒಂದು ಕಡ್ಡಿ ನಿಲ್ಲಿಸಿ, ಸ್ಪ್ರಿಂಗನ್ನು ಅದಕ್ಕೆ ಪೋಣಿಸಿ, ಮೇಲಿಂದ ಒಂದು ಗೊತ್ತಾದ ಉದ್ದದವರೆಗೆ ಒತ್ತಿ. ಮಷಿನ್ ಎಷ್ಟು ಕಿಲೋ ತೋರಿಸಿತು ನೋಡಿ. ಈಗ ಗೊತ್ತಿರುವ ಎಂ100 ಸ್ಪ್ರಿಂಗನ್ನು ಅದೇ ಉದ್ದಕ್ಕೆ ಒತ್ತಿ ಹೋಲಿಸಿ. ಕಡ್ಡಿ ಇಲ್ಲದೆ ಒತ್ತಲು ಹೋಗಬೇಡಿ, ಸ್ಪ್ರಿಂಗ್ ಬಾಗಿ ಮುಖಕ್ಕೆ ಚಿಮ್ಮುತ್ತದೆ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಮಾಡಿ.

ಕೈಯಲ್ಲಿ ಎಳೆಯುವ ಸ್ನೈಪರ್ ಗನ್‌ಗಳ ಸ್ಪ್ರಿಂಗ್ ಬೇರೆಯೇ. ಬ್ಯಾಟರಿ ಗನ್‌ನದ್ದು ಸಾಮಾನ್ಯವಾಗಿ ಅಲ್ಲಿಗೆ ಹೊಂದುವುದಿಲ್ಲ. ವಿಎಸ್‌ಆರ್-10 ಮಾದರಿಯಲ್ಲಿ ಸ್ಪ್ರಿಂಗ್ ಗೈಡ್ (ಸ್ಪ್ರಿಂಗ್ ಒಳಗೆ ನಿಂತು ಅದನ್ನು ನೇರವಾಗಿ ಹಿಡಿಯುವ ಕಡ್ಡಿ) 7 ಮಿಲಿಮೀಟರ್ ಇರಬಹುದು, 9 ಇರಬಹುದು. ಸ್ಪ್ರಿಂಗ್‌ನ ಒಳ ಅಗಲ ಅಳೆದೇ ಕೊಳ್ಳಿ.

ಸ್ಪ್ರಿಂಗ್ ಬದಲಿಸುವ ಮುಂಚೆ

ವೇಗ ಕಡಿಮೆ ಬಂದರೆ ಸ್ಪ್ರಿಂಗೇ ಕಾರಣ ಎಂದುಕೊಳ್ಳಬೇಡಿ. ಮುಕ್ಕಾಲು ಪಾಲು ನಾನು ನೋಡಿದ್ದು ಗಾಳಿ ಸೋರಿಕೆ. ಸಿಲಿಂಡರ್‌ಗೆ ಪಿಸ್ಟನ್ ಹೆಡ್ ಹಾಕಿ, ನಾಝಲ್ ತೂತನ್ನು ಬೆರಳಲ್ಲಿ ಮುಚ್ಚಿ, ಪಿಸ್ಟನ್ ನೂಕಿ. ಗಟ್ಟಿಯಾಗಿ ತಡೆದು ನಿಲ್ಲಬೇಕು. ಸುಮ್ನೆ ಒಳಗೆ ಜಾರಿದರೆ ಓ-ರಿಂಗ್ (ಪಿಸ್ಟನ್ ಹೆಡ್ ಸುತ್ತಲಿನ ರಬ್ಬರ್ ಬಳೆ) ಬದಲಿಸಿ. ಹೊಸ ಸ್ಪ್ರಿಂಗ್ ಬೇಕಾಗದೇ ಹೋಗಬಹುದು. ದೂರ ಹೊಡೆಯಬೇಕು ಎಂಬುದೇ ಆಸೆಯಾದರೆ, ಒಳ್ಳೆಯ ಹಾಪ್-ಅಪ್ ರಬ್ಬರ್ (ಬಿಬಿಯನ್ನು ಹಿಮ್ಮುಖವಾಗಿ ತಿರುಗಿಸಿ ದೂರ ಒಯ್ಯುವ ಭಾಗ) ಮತ್ತು ತುಸು ಭಾರದ ಬಿಬಿಯಿಂದ ಸಿಗುವ ಲಾಭ ಗಟ್ಟಿ ಸ್ಪ್ರಿಂಗ್‌ನಿಂದ ಸಿಗುವುದಿಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಎಂ120 ಅಥವಾ ಮೇಲಿನದಕ್ಕೆ ಹೋಗುವುದಾದರೆ ಗೇರ್‌ಬಾಕ್ಸ್ ತಾಳಬೇಕು. ಪಿಸ್ಟನ್‌ಗೆ ಪೂರ್ತಿ ಸ್ಟೀಲ್ ಹಲ್ಲು, ಲೋಹದ ಸ್ಪ್ರಿಂಗ್ ಗೈಡ್, ಬಲವಾದ ಮೋಟಾರ್ ಬೇಕು. ಇಲ್ಲದಿದ್ದರೆ ಗುಂಡಿನ ವೇಗ ಏರುವ ಬದಲು ಪಿಸ್ಟನ್ ಹಲ್ಲು ಉದುರುತ್ತದೆ. ವರ್ಷನ್ 2 ಎಂಬ ಮಾದರಿಯ ಗೇರ್‌ಬಾಕ್ಸ್‌ನ ಮುಂಭಾಗ ಒಡೆಯುವುದು ಬಹಳ ಹಳೆಯ ಕಾಯಿಲೆ.

ಹಾಕುವಾಗ

ಬ್ಯಾಟರಿ ತೆಗೆಯಿರಿ, ಮ್ಯಾಗಜೀನ್ ತೆಗೆಯಿರಿ. ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಆ್ಯಂಟಿ-ರಿವರ್ಸಲ್ ಲ್ಯಾಚ್ (ಗೇರ್ ಹಿಂದಕ್ಕೆ ತಿರುಗದಂತೆ ತಡೆಯುವ ಕೊಂಡಿ) ಬಿಡಿಸಿ ಸ್ಪ್ರಿಂಗ್ ಒತ್ತಡ ಇಳಿಸಿ. ಹಿಂದಿನಿಂದಲೇ ಸ್ಪ್ರಿಂಗ್ ತೆಗೆಯುವ ಸೌಕರ್ಯ ಇರುವ ಗೇರ್‌ಬಾಕ್ಸ್ ಆದರೆ ಕೆಲಸ ಐದು ನಿಮಿಷದ್ದು. ಸುತ್ತುಗಳು ಒಂದು ತುದಿಯಲ್ಲಿ ಒತ್ತೊತ್ತಾಗಿದ್ದರೆ, ಆ ತುದಿ ಸಾಮಾನ್ಯವಾಗಿ ಸ್ಪ್ರಿಂಗ್ ಗೈಡ್ ಕಡೆಗೆ ಹೋಗುತ್ತದೆ.

ಜೋಡಿಸಿದ ಮೇಲೆ 0.20 ಬಿಬಿ ಹಾಕಿ, ಹಾಪ್-ಅಪ್ ಪೂರ್ತಿ ಇಳಿಸಿ, ಹತ್ತು ಗುಂಡು ಕ್ರೋನೋಗ್ರಾಫ್‌ನಲ್ಲಿ ಅಳೆಯಿರಿ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಗುಂಡುಗಳಲ್ಲಿ ಸ್ವಲ್ಪ ಇಳಿಯುತ್ತದೆ, ಆಮೇಲೆ ಮತ್ತೊಮ್ಮೆ ಅಳೆಯಿರಿ. ಆಟ ಮುಗಿಸಿ ಒಳಗಿಡುವಾಗ ಮ್ಯಾಗಜೀನ್ ತೆಗೆದು, ಸುರಕ್ಷಿತ ಕಡೆಗೆ ಗುರಿಯಿಟ್ಟು ಸೆಮಿಯಲ್ಲಿ (ಒಂದೊಂದೇ ಗುಂಡಿನ ಸೆಟ್ಟಿಂಗ್) ಒಂದೆರಡು ಸಲ ಟ್ರಿಗರ್ ಎಳೆದಿಡಿ. ಪಿಸ್ಟನ್ ಮುಂದಕ್ಕೆ ಬಂದು ಸ್ಪ್ರಿಂಗ್ ಸಡಿಲವಾಗಿ ಕೂರುತ್ತದೆ.